ಶಾಲಾ ರಜೆಯ ದಟ್ಟಣೆಯಲ್ಲಿ ಮಕ್ಕಳೊಂದಿಗೆ ಸ್ಕೀಯಿಂಗ್ ಪ್ರವಾಸ: ಯಾವ ವಾರ, ಯಾವ ಊರು?

ಹಾಸನದ ತಾಯಿ

ಎಲ್ಲರಿಗೂ ನಮಸ್ಕಾರ. ಏಳನೆಯ ತರಗತಿಯ ಮಗಳು ಮತ್ತು ಎರಡನೆಯ ತರಗತಿಯ ಮಗನನ್ನು ಈ ಚಳಿಗಾಲದಲ್ಲಿ ಹಿಮವಿರುವ ಊರಿಗೆ ಕರೆದೊಯ್ದು ಸ್ಕೀಯಿಂಗ್ ಕಲಿಸಬೇಕೆಂದು ನಾನೂ ನನ್ನ ಪತಿಯೂ ಬಹಳ ಕಾಲದಿಂದ ಹಣ ಕೂಡಿಡುತ್ತಿದ್ದೇವೆ. ಬಾಡಿಗೆಯ ಕೋಟು ತೊಟ್ಟು, ಹಿಮದ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬರುವುದಷ್ಟೇ ನಮ್ಮ ಉದ್ದೇಶವಲ್ಲ. ಹಿಂದಿರುಗುವ ವೇಳೆಗೆ ಮಕ್ಕಳು ಸಣ್ಣ ಇಳಿಜಾರೊಂದರಲ್ಲಿ ಯಾರ ಆಸರೆಯೂ ಇಲ್ಲದೆ ಇಳಿದು, ಬೇಕೆಂದಲ್ಲಿ ನಿಲ್ಲುವಷ್ಟಾದರೂ ಕಲಿತಿರಬೇಕೆಂಬುದು ನಮ್ಮ ಆಸೆ.

ತೊಡಕಿರುವುದು ರಜೆಯದು. ಮಕ್ಕಳ ಶಾಲೆಗೆ ಕ್ರಿಸ್‌ಮಸ್ ಸಮಯದಲ್ಲಿ ರಜೆಯಿದೆ, ಆದರೆ ಆ ವಾರ ದೇಶವೇ ಪ್ರವಾಸ ಹೊರಟಿರುತ್ತದೆಂದು ಎಲ್ಲರೂ ಹೇಳುತ್ತಾರೆ. ಸಕಲೇಶಪುರದ ಬಳಿ ಸಣ್ಣ ರೊಬಸ್ಟಾ ಕಾಫಿ ತೋಟ ನೋಡಿಕೊಳ್ಳುವ ನಮ್ಮ ಮಾವನವರು ಕೊಯ್ಲಿನ ಸಮಯದಲ್ಲಿ ಬರುವಂತಿಲ್ಲ. ಆದರೆ ಅರವತ್ತಾರು ವರ್ಷದ ನಮ್ಮ ಅತ್ತೆಯವರಿಗೆ ಜೀವನದಲ್ಲಿ ಒಮ್ಮೆ ಹಿಮ ಬೀಳುವುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ತುಂಬ ಇದೆ, ಅವರಿಗೆ ರಕ್ತದೊತ್ತಡದ ಮಾತ್ರೆಯೂ ನಡೆಯುತ್ತಿದೆ. ಕಾಶ್ಮೀರದ ಗುಲ್‌ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಮನಾಲಿ ಈ ಮೂರರಲ್ಲಿ ಎಲ್ಲಿಗೆ, ಯಾವಾಗ ಹೋಗುವುದು ಸರಿ ಎಂಬುದನ್ನು ಅನುಭವವುಳ್ಳವರು ತಿಳಿಸಿಕೊಡಬೇಕಾಗಿ ವಿನಂತಿ.

ಮೂಡಿಗೆರೆ ಬೆಳೆಗಾರ

ಮೇಡಂ, ನಿಮ್ಮ ಉದ್ದೇಶ ಸ್ಪಷ್ಟವಾಗಿರುವುದರಿಂದ ನಾನೂ ನೇರವಾಗಿ ಹೇಳುತ್ತೇನೆ. ಕಲಿಯಲೆಂದು ಹೋಗುವ ಕುಟುಂಬ ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರವನ್ನು ಬಿಟ್ಟುಬಿಡುವುದು ಒಳ್ಳೆಯದು. ದರ ಏರಿರುತ್ತದೆ ಎಂಬುದು ಇದಕ್ಕೆ ಕಾರಣಗಳಲ್ಲೊಂದು, ಆದರೆ ಮುಖ್ಯ ಕಾರಣ ಅದಲ್ಲ.

ಕಾಶ್ಮೀರದ ಹಿಮವೆಲ್ಲ ಮೆಡಿಟರೇನಿಯನ್ ಕಡೆಯಿಂದ ಸಾಗಿ ಬರುವ ವಾಯುಕ್ಷೋಭೆಗಳ ಕೊಡುಗೆ. ಅಲ್ಲಿಯವರು ಚಿಲ್ಲೈ ಕಲಾನ್ ಎಂದು ಕರೆಯುವ ನಲವತ್ತು ದಿನಗಳ ಕಡುಚಳಿ ಆರಂಭವಾಗುವುದೇ ಡಿಸೆಂಬರ್ 21ಕ್ಕೆ. ಅಂದರೆ ಕ್ರಿಸ್‌ಮಸ್ ವಾರ ಎಂದರೆ ಚಳಿಗಾಲದ ಬಾಗಿಲು ಮಾತ್ರ. ಕೆಲವು ವರ್ಷ ಆಗಲೇ ಹಿಮ ಒಳ್ಳೆಯ ದಪ್ಪದಲ್ಲಿ ಕೂತಿರುತ್ತದೆ, ಕೆಲವು ವರ್ಷ ಹುಲ್ಲೂ ಕಲ್ಲೂ ಕಾಣುತ್ತಿರುತ್ತವೆ. 2024ರ ಜನವರಿಯಲ್ಲಿ ಗುಲ್‌ಮಾರ್ಗ್ ತಿಂಗಳ ಕೊನೆಯವರೆಗೂ ಬಹುತೇಕ ಬರಿದಾಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆಂದು ಮುಂದೂಡಿ ಮಾರ್ಚ್‌ನಲ್ಲಿ ನಡೆಸಿದರು. ನಡುಚಳಿಗಾಲಕ್ಕೇ ಖಾತರಿಯಿಲ್ಲದ ಮೇಲೆ ಡಿಸೆಂಬರ್ ಅಂತ್ಯವನ್ನು ನಂಬಿ ಇಡೀ ಕುಟುಂಬದ ಖರ್ಚು ಹಾಕುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನು ಜನಸಂದಣಿಯ ಮಾತು. ಮಗು ದಿನಕ್ಕೆ ಎಷ್ಟು ಹೊತ್ತು ನಿಜವಾಗಿ ಸ್ಕೀ ಮೇಲೆ ನಿಂತಿರುತ್ತದೆ ಎಂಬುದೊಂದೇ ಈ ಪ್ರವಾಸದ ಲೆಕ್ಕ. ರಜೆಯ ದಿನಗಳಲ್ಲಿ ನಮ್ಮ ಮುಳ್ಳಯ್ಯನಗಿರಿ ರಸ್ತೆಯಲ್ಲಿ ವಾಹನಗಳು ಹೇಗೆ ನಿಂತಲ್ಲೇ ನಿಲ್ಲುತ್ತವೆಯೋ, ಹೊಸವರ್ಷದ ಮುನ್ನಾದಿನಗಳಲ್ಲಿ ತಂಗ್‌ಮಾರ್ಗ್‌ನಿಂದ ಗುಲ್‌ಮಾರ್ಗ್‌ಗೆ ಏರುವ ಹದಿಮೂರು ಕಿಲೋಮೀಟರ್ ರಸ್ತೆಯೂ ಹಾಗೆಯೇ. ಬೆಳಿಗ್ಗೆ ಶ್ರೀನಗರದಿಂದ ಹೊರಟವರು ತಲುಪುವಾಗ ಮಧ್ಯಾಹ್ನ. ಬೂಟು ಸಿಗುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ.

ನಮ್ಮಲ್ಲಿ ಅರೇಬಿಕಾ ಮುಗಿದು ರೊಬಸ್ಟಾ ಹಣ್ಣು ಕುಯ್ಯುವ ಜನವರಿಯಲ್ಲಿ ತೋಟ ಬಿಟ್ಟು ಹೊರಡುವುದು ಆಗದ ಮಾತು. ಆದ್ದರಿಂದ ನಾವು ಕಣದ ಕೆಲಸ ಒಂದು ಹಂತಕ್ಕೆ ಬಂದ ಮೇಲೆ, ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಮೊದಲು, ಫೆಬ್ರವರಿಯಲ್ಲಿ ಹೋಗುವವರು. ಅಷ್ಟರಲ್ಲಿ ಹಿಮ ಗಟ್ಟಿಯಾಗಿ ಕೂತಿರುತ್ತದೆ, ಜನವೂ ತಕ್ಕಮಟ್ಟಿಗೆ ಕಡಿಮೆ. ನಿಮಗೂ ಫೆಬ್ರವರಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಚಿಕ್ಕಮಗಳೂರಿನ ಶಿಕ್ಷಕಿ

ಬೆಳೆಗಾರರ ಮಾತಿನ ಮೊದಲ ಭಾಗವನ್ನು ಒಪ್ಪುತ್ತೇನೆ, ಫೆಬ್ರವರಿಯ ಸಲಹೆಯನ್ನು ಮಾತ್ರ ಒಪ್ಪಲಾರೆ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ದೊಡ್ಡ ರಜೆಗಳೆಂದರೆ ಅಕ್ಟೋಬರಿನ ದಸರಾ ರಜೆ ಮತ್ತು ಏಪ್ರಿಲ್ ಎರಡನೆಯ ವಾರದಿಂದ ಮೇ ಅಂತ್ಯದವರೆಗಿನ ಬೇಸಿಗೆ ರಜೆ. ಕ್ರಿಸ್‌ಮಸ್ ರಜೆ ಬೇಕೆನ್ನುವ ಶಾಲೆಗಳು ಉಪನಿರ್ದೇಶಕರ ಅನುಮತಿ ಪಡೆದು ದಸರಾ ರಜೆಯ ದಿನಗಳಲ್ಲಿ ಅದನ್ನು ಹೊಂದಿಸಿಕೊಳ್ಳುತ್ತವೆ. ಹೀಗಾಗಿ ಹಿಮವಿರುವ ಕಾಲದಲ್ಲಿ ನಮ್ಮ ಮಕ್ಕಳಿಗೆ ಉದ್ದನೆಯ ರಜೆ ಸಿಗುವುದೇ ಇಲ್ಲ ಎಂಬುದು ನಿಜ. ಎಲ್ಲೋ ಒಂದು ಕಡೆ ಶಾಲೆಯ ದಿನಗಳನ್ನೇ ಬಳಸಬೇಕಾಗುತ್ತದೆ.

ಆದರೆ ಯಾವ ದಿನಗಳನ್ನು ಎಂಬುದು ಮುಖ್ಯ. ಫೆಬ್ರವರಿಯ ಎರಡನೆಯ ಭಾಗದಲ್ಲಿ ಪಾಠಗಳು ಮುಗಿದು ಪುನರಾವರ್ತನೆ ನಡೆಯುತ್ತಿರುತ್ತದೆ, ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆ. ಆಗ ಒಂದು ವಾರ ತಪ್ಪಿಸಿಕೊಂಡ ಏಳನೆಯ ತರಗತಿಯ ಮಗು ಬಂದ ಮೇಲೂ ಮಂಕಾಗಿರುತ್ತದೆ, ತಾಯಿತಂದೆಯೂ ಆತಂಕದಲ್ಲಿರುತ್ತಾರೆ. ಅದರ ಬದಲು ಸಂಕ್ರಾಂತಿ ಕಳೆದ ಮೇಲಿನ ವಾರವನ್ನು ಯೋಚಿಸಿ. ಕ್ರೀಡಾಕೂಟ, ವಾರ್ಷಿಕೋತ್ಸವಗಳು ಬಹುಪಾಲು ಶಾಲೆಗಳಲ್ಲಿ ಆ ವೇಳೆಗೆ ಮುಗಿದಿರುತ್ತವೆ. ತಪ್ಪಿದ ಪಾಠವನ್ನು ಹಿಡಿದುಕೊಳ್ಳಲು ಸಮಯವೂ ಉಳಿದಿರುತ್ತದೆ. ರಜೆಯ ಅರ್ಜಿಯನ್ನು ಹೊರಡುವ ಹಿಂದಿನ ದಿನ ಕೊಡದೆ, ಕೆಲವು ತಿಂಗಳು ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು, ಏಕೆ ಹೋಗುತ್ತಿದ್ದೇವೆ ಎಂಬುದನ್ನು ಬರೆದುಕೊಡಿ. ಹೊಟ್ಟೆನೋವೆಂದು ಸುಳ್ಳು ಹೇಳಿಸಿ ಮಕ್ಕಳನ್ನು ಕರೆದೊಯ್ಯುವವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಆ ಮಗು ತಾನು ಕಂಡ ಹಿಮದ ಬಗ್ಗೆ ತರಗತಿಯಲ್ಲಿ ಒಂದು ಮಾತೂ ಆಡಲಾರದೆ ಕೂತಿರುತ್ತದೆ, ಅದು ನನಗೆ ತುಂಬ ನೋವಿನ ಸಂಗತಿ.

ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರು ಆ ವರ್ಷ ಈ ವಿಚಾರವನ್ನೇ ಕೈಬಿಡುವುದು ಒಳ್ಳೆಯದು.

ಬೇಲೂರಿನ ಓದುಗ

ಒಂದು ಸಣ್ಣ ಪ್ರಶ್ನೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಎಲ್ಲ ಮಕ್ಕಳಿಗೂ ರಜೆ ಇರುತ್ತದೆಯಲ್ಲವೇ? ಆಗ ಹಿಮಾಲಯದಲ್ಲಿ ಎಲ್ಲಿಯೂ ಸ್ಕೀಯಿಂಗ್ ಸಾಧ್ಯವಿಲ್ಲವೇ?

ಸಕಲೇಶಪುರದ ನಿವೃತ್ತ ಯೋಧ

ಹಿಮ ಸಿಗುತ್ತದೆ, ಆದರೆ ಕಲಿಕೆಗೆ ಅನುಕೂಲವಾದ ಹಿಮ ಸಿಗುವುದು ಕಷ್ಟ. ಮೇ ತಿಂಗಳಲ್ಲಿ ಮನಾಲಿಯ ಮೇಲಿನ ರೋಹ್ತಾಂಗ್ ಕಣಿವೆದಾರಿಯ ಬದಿಗಳಲ್ಲಿ ಹಿಮ ಉಳಿದಿರುತ್ತದೆ. ಆ ದಾರಿಗೆ ದಿನಕ್ಕೆ 1200 ಪ್ರವಾಸಿ ವಾಹನಗಳಿಗಷ್ಟೇ ಪರವಾನಗಿ, ಅದರಲ್ಲಿ 800 ಪೆಟ್ರೋಲಿನವು, 400 ಡೀಸೆಲಿನವು. ಮಂಗಳವಾರ ದುರಸ್ತಿಗಾಗಿ ದಾರಿ ಮುಚ್ಚಿರುತ್ತದೆ. ಅಲ್ಲಿನ ಎತ್ತರ 3,978 ಮೀಟರ್. ಮನಾಲಿಯಿಂದ ಒಂದೇ ಬೆಳಿಗ್ಗೆ ಅಷ್ಟೆತ್ತರಕ್ಕೆ ಮಕ್ಕಳನ್ನು ಏರಿಸಿ, ಕರಗಿ ಕೆಸರಾದ ಹಿಮದಲ್ಲಿ ಸ್ವಲ್ಪ ಹೊತ್ತು ಜಾರಿಸಿ ಇಳಿಸಿಕೊಂಡು ಬರುವುದನ್ನು ಸ್ಕೀಯಿಂಗ್ ಪ್ರವಾಸ ಎನ್ನಲಾಗದು. ಬೇಸಿಗೆಯಲ್ಲಿ ಹಿಮ ನೋಡಲು ಹೋಗಿ, ಕಲಿಯಲು ಬೇಡ.

ಮ್ಯೂನಿಕ್‌ನಲ್ಲಿರುವ ಅರಸೀಕೆರೆಯವನು

ಶಾಲಾ ರಜೆಯೂ ಹಿಮವೂ ಒಂದೇ ವಾರಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ಪ್ರತಿವರ್ಷ ನೋಡುವವನಾಗಿ ನಾಲ್ಕು ಮಾತು ಸೇರಿಸುತ್ತೇನೆ. ಆಲ್ಪ್ಸ್ ಸುತ್ತಲಿನ ದೇಶಗಳಲ್ಲಿ ಈ ಸಮಸ್ಯೆ ಎಷ್ಟು ದೊಡ್ಡದೆಂದರೆ, ಫ್ರಾನ್ಸ್ ಇಡೀ ದೇಶವನ್ನು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಎರಡು ವಾರದ ಚಳಿಗಾಲದ ರಜೆಯನ್ನು ಹಿಂದುಮುಂದಾಗಿ ಕೊಡುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿಯೂ ಪ್ರದೇಶವಾರು ರಜೆ ಬದಲಾಗುತ್ತದೆ, ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಪ್ರತಿ ಕ್ಯಾಂಟನ್ನಿನದೂ ಬೇರೆ ಬೇರೆ. ಬವೇರಿಯದ ಮಕ್ಕಳಿಗೆ ಕಾರ್ನಿವಲ್ ವಾರದ ರಜೆ. ಇಷ್ಟಾದರೂ ಫೆಬ್ರವರಿ ನಡುವಿನಲ್ಲಿ, ಬ್ರಿಟನ್ನಿನ ಮಕ್ಕಳ ಅರ್ಧಾವಧಿ ರಜೆಯೂ ಸೇರಿಕೊಂಡಾಗ, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳ ಮುಂದೆ ಉದ್ದನೆಯ ಸಾಲುಗಳಿರುತ್ತವೆ.

ಆ ದಟ್ಟಣೆಯಲ್ಲೇ ಹೋಗಲೇಬೇಕಾದ ಇಲ್ಲಿನ ಪೋಷಕರು ಅನುಸರಿಸುವ ಕ್ರಮ ನಿಮಗೂ ಉಪಯೋಗವಾಗಬಹುದು. ಅವರು ಮೊದಲು ಕಾಯ್ದಿರಿಸುವುದು ಮಕ್ಕಳ ತರಬೇತಿಯ ಸ್ಥಾನವನ್ನು, ಆಮೇಲೆ ಕೋಣೆಯನ್ನು, ಕೊನೆಗೆ ಪ್ರಯಾಣದ ಟಿಕೆಟನ್ನು. ನಮ್ಮವರು ಮಾಡುವುದು ಇದರ ತಲೆಕೆಳಗು: ಅಗ್ಗದ ವಿಮಾನ ಸಿಕ್ಕಿತೆಂದು ದಿನ ಗೊತ್ತುಮಾಡಿ, ಅಲ್ಲಿಗೆ ಹೋದ ಮೇಲೆ ಕಲಿಸುವವರನ್ನು ಹುಡುಕುತ್ತಾರೆ. ಇಲ್ಲಿನವರು ಕೋಣೆಯನ್ನು ಇಳಿಜಾರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿಯುತ್ತಾರೆ, ದೊಡ್ಡದಾಗಿರಬೇಕೆಂದು ನೋಡುವುದಿಲ್ಲ. ಎಲ್ಲರೂ ತಿಂಡಿ ತಿನ್ನುವ ಹೊತ್ತಿಗೆ ಅವರ ಮಕ್ಕಳು ಹಿಮದ ಮೇಲಿರುತ್ತಾರೆ, ಎಲ್ಲರೂ ಹೊರಬರುವ ಹೊತ್ತಿಗೆ ಊಟಕ್ಕೆ ಒಳಬಂದಿರುತ್ತಾರೆ.

ಇನ್ನೊಂದು ಮಾತು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಹತ್ತು ನಡವಳಿಕೆಯ ನಿಯಮಗಳನ್ನು ರೂಪಿಸಿದೆ. ಅವುಗಳಲ್ಲಿ ಒಂದನ್ನಂತೂ ಮಕ್ಕಳಿಗೆ ಮನೆಯಲ್ಲೇ ಬಾಯಿಪಾಠ ಮಾಡಿಸಿ: ಕೆಳಗೆ, ಮುಂದೆ ಹೋಗುತ್ತಿರುವವರಿಗೆ ಹಾದಿಯ ಹಕ್ಕು, ಮೇಲಿನಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು. ಜನ ತುಂಬಿದ ಇಳಿಜಾರಿನಲ್ಲಿ ಪ್ರಾಣ ಕಾಯುವುದು ಇದೇ. ಹೆಲ್ಮೆಟ್ ಇಲ್ಲದೆ ಮಕ್ಕಳನ್ನು ಸ್ಕೀ ಮೇಲೆ ನಿಲ್ಲಿಸಲೇಬೇಡಿ. ಬಾಡಿಗೆಗೆ ಸಿಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಊರಿನಿಂದಲೇ ಕೊಂಡೊಯ್ಯಿರಿ. ಪ್ರವಾಸ ವಿಮೆ ಕೊಳ್ಳುವಾಗ ಸಾಹಸ ಕ್ರೀಡೆ ಸೇರಿದೆಯೇ ಎಂದು ಓದಿ ನೋಡಿ, ಸಾಮಾನ್ಯ ವಿಮೆಗಳು ಹೆಚ್ಚಾಗಿ ಅದನ್ನು ಹೊರಗಿಡುತ್ತವೆ.

ಹಾಸನದ ಮಕ್ಕಳ ವೈದ್ಯ

ಎತ್ತರದ ವಿಚಾರವನ್ನು ಬಿಡಿಸಿ ಹೇಳುವುದು ಅಗತ್ಯ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ತುಸು ಕೆಳಗಿದೆ. ಗುಲ್‌ಮಾರ್ಗ್ ಸುಮಾರು 2,650 ಮೀಟರ್‌ನಲ್ಲಿದೆ, ಅಲ್ಲಿನ ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೆಯ ಹಂತ ಏರಿಸುವ ಅಫರ್ವಾಟ್ ಬೆಟ್ಟದ ನಿಲ್ದಾಣ ಸುಮಾರು 3,950 ಮೀಟರ್. ಎತ್ತರದ ತೊಂದರೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಆರಂಭವಾಗುತ್ತದೆ. ದೊಡ್ಡವರು ತಲೆನೋವು, ವಾಕರಿಕೆ ಎಂದು ಬಾಯಿಬಿಟ್ಟು ಹೇಳುತ್ತಾರೆ. ಎರಡನೆಯ ತರಗತಿಯ ಹುಡುಗ ಊಟ ಬೇಡವೆಂದು ಹಟ ಮಾಡುತ್ತಾನೆ, ಕಾರಣವಿಲ್ಲದೆ ಅಳುತ್ತಾನೆ, ಆಟ ಬಿಟ್ಟು ಮಲಗುತ್ತಾನೆ. ಅದನ್ನು ಚಳಿಯ ಸಿಟ್ಟೆಂದು ತಿಳಿದು ಮೇಲಕ್ಕೆ ಕರೆದೊಯ್ಯಬಾರದು. ಲಕ್ಷಣ ಕಂಡ ಮೇಲೆ ಏರುವುದನ್ನು ನಿಲ್ಲಿಸಬೇಕು. ಹೆಚ್ಚಾದರೆ ಕೆಳಗಿಳಿಯುವುದೇ ಮೊದಲ ಚಿಕಿತ್ಸೆ.

ಆದ್ದರಿಂದ ಮೊದಲ ರಾತ್ರಿಯನ್ನು ಸುಮಾರು 1,600 ಮೀಟರ್ ಎತ್ತರದ ಶ್ರೀನಗರದಲ್ಲಿ ಕಳೆಯಿರಿ. ಗುಲ್‌ಮಾರ್ಗ್ ತಲುಪಿದ ದಿನ ಗೊಂಡೋಲಾ ಬೇಡ. ಸ್ಕೀಯಿಂಗ್ ಕಲಿಯುವ ಮಕ್ಕಳಿಗೆ ಎರಡನೆಯ ಹಂತಕ್ಕೆ ಏರುವ ಅಗತ್ಯವೇ ಇಲ್ಲ, ಆರಂಭಿಕರ ಇಳಿಜಾರುಗಳೆಲ್ಲ ಕೆಳಗೇ ಇವೆ. ನಿಮ್ಮ ಅತ್ತೆಯವರನ್ನು ಹೊರಡುವ ಮೊದಲು ಅವರ ವೈದ್ಯರಿಗೆ ತೋರಿಸಿ, ಒತ್ತಡ ಹತೋಟಿಯಲ್ಲಿದೆಯೆಂದು ಖಚಿತಪಡಿಸಿಕೊಳ್ಳಿ. ಮಾತ್ರೆಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲಿ, ವಿಮಾನದ ಪೆಟ್ಟಿಗೆಯಲ್ಲಿ ಹಾಕುವುದು ಬೇಡ. ಎತ್ತರಕ್ಕೆಂದು ಯಾರೋ ಹೇಳಿದ ಮಾತ್ರೆಯನ್ನು ಮಕ್ಕಳಿಗೆ ನೀವಾಗಿಯೇ ಕೊಡಬೇಡಿ.

ಹೊಸ ಹಿಮವು ಅತಿನೇರಳೆ ಕಿರಣಗಳ ಬಹುಪಾಲನ್ನು ಮೇಲಕ್ಕೇ ಪ್ರತಿಫಲಿಸುತ್ತದೆ. ಮೋಡವಿದ್ದರೂ ಮಕ್ಕಳಿಗೆ ಕಪ್ಪು ಕನ್ನಡಕ ಇರಲಿ, ಮುಖಕ್ಕೆ ಹಚ್ಚುವ ಕ್ರೀಮು ಗಲ್ಲದ ಕೆಳಭಾಗಕ್ಕೂ ತಲುಪಲಿ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಬಿಸಿನೀರು ಕೇಳದಿದ್ದರೂ ಆಗಾಗ ಕೊಡುತ್ತಿರಿ.

ಹಾಸನದ ತಾಯಿ

ಎಲ್ಲರಿಗೂ ತುಂಬ ಧನ್ಯವಾದಗಳು. ಶಿಕ್ಷಕಿಯವರ ಸಲಹೆಯಂತೆ ಸಂಕ್ರಾಂತಿಯ ನಂತರದ ವಾರದ ಬಗ್ಗೆ ಮನೆಯಲ್ಲಿ ಮಾತಾಡಿದೆವು, ಶಾಲೆಯಲ್ಲಿಯೂ ವಿಚಾರಿಸಲಿದ್ದೇವೆ. ಪತಿಯವರು ಗಣರಾಜ್ಯೋತ್ಸವದ ರಜೆಯನ್ನೂ ಸೇರಿಸಿಕೊಂಡು 27ರಂದು ಹಿಂದಿರುಗೋಣವೆನ್ನುತ್ತಾರೆ. ಗುಲ್‌ಮಾರ್ಗ್‌ನ ಬದಲು ಔಲಿಯಾದರೆ ಖರ್ಚು ಕಡಿಮೆ ಎಂದೂ ಒಬ್ಬರು ಹೇಳಿದರು. ಇವೆರಡರ ಬಗ್ಗೆ ದಯವಿಟ್ಟು ತಿಳಿಸಿ. ಬೂಟು, ಬಟ್ಟೆಗಳ ವಿಚಾರದಲ್ಲಿಯೂ ನಮಗೆ ಏನೂ ತಿಳಿಯದು.

ಸಕಲೇಶಪುರದ ನಿವೃತ್ತ ಯೋಧ

ಅಮ್ಮಾ, 26ರ ಸುಮಾರಿಗೆ ಕಣಿವೆಯಲ್ಲಿ ತಪಾಸಣೆ ಬಿಗಿಯಾಗಿರುತ್ತದೆ, ದಾರಿಗಳಲ್ಲಿ ತಡವಾಗುತ್ತದೆ. ಸಣ್ಣ ಮಕ್ಕಳನ್ನೂ ಹಿರಿಯರನ್ನೂ ಕಟ್ಟಿಕೊಂಡು ಆ ದಿನಗಳಲ್ಲಿ ಪ್ರಯಾಣ ಮಾಡುವುದು ಬೇಡ. 24ರೊಳಗೆ ಶ್ರೀನಗರ ಬಿಡುವಂತೆ ದಿನ ಗೊತ್ತುಮಾಡಿಕೊಳ್ಳಿ. ಚಿಲ್ಲೈ ಕಲಾನ್ ಜನವರಿ 29ರವರೆಗೆ ಇರುವುದರಿಂದ ಸಂಕ್ರಾಂತಿಯ ನಂತರದ ವಾರ ಹಿಮದ ದೃಷ್ಟಿಯಿಂದಲೂ ಒಳ್ಳೆಯದು. ಸುರಕ್ಷತೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 2025ರ ಏಪ್ರಿಲ್ 22ರಂದು ಪಹಲ್‌ಗಾಮ್‌ನಲ್ಲಿ ಉಗ್ರರ ದಾಳಿಗೆ ನಮ್ಮ ರಾಜ್ಯದವರನ್ನೂ ಒಳಗೊಂಡು 26 ಮಂದಿ ಪ್ರಾಣ ಕಳೆದುಕೊಂಡ ನೋವು ಯಾರೂ ಮರೆಯುವಂಥದಲ್ಲ. ಟಿಕೆಟ್ ಕೊಳ್ಳುವ ಮೊದಲೂ ಹೊರಡುವ ವಾರದಲ್ಲೂ ಸರ್ಕಾರದ ಸೂಚನೆಗಳನ್ನು ನೋಡಿ. ಹೋಟೆಲಿನವರು ಬೇಡವೆಂದ ದಾರಿಯಲ್ಲಿ ಹೋಗಬೇಡಿ. ಹಣ ಹಿಂದಿರುಗಿಸುವ ಷರತ್ತಿರುವ ಕೋಣೆಯನ್ನೇ ಹಿಡಿಯಿರಿ.

ಚಳಿಗಾಲದಲ್ಲಿ ದೆಹಲಿಯಲ್ಲೂ ಶ್ರೀನಗರದಲ್ಲೂ ಮಂಜು, ಹಿಮದಿಂದ ವಿಮಾನಗಳು ತಡವಾಗುವುದು, ರದ್ದಾಗುವುದು ಸಾಮಾನ್ಯ. ಹಿಂದಿರುಗುವ ದಿನಕ್ಕೂ ಶಾಲೆ ಅಥವಾ ಕಚೇರಿಗೆ ಹೋಗಬೇಕಾದ ದಿನಕ್ಕೂ ನಡುವೆ ಒಂದು ದಿನ ಖಾಲಿ ಇರಲಿ. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ರೈಲು ಓಡುತ್ತಿದೆ, ಸುಮಾರು ಮೂರು ಗಂಟೆಯ ದಾರಿ. ವಿಮಾನ ರದ್ದಾದರೆ ಅದೊಂದು ಉಪಾಯ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನಗಳಿಗೆ ಇಳಿದಿದೆ ಎಂಬುದು ನೆನಪಿರಲಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ, ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಸಂಪರ್ಕ ಹೊಂದಿರಬೇಕು.

ಬಟ್ಟೆಯ ವಿಚಾರ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಮಕ್ಕಳಿಗೆ ಜೀನ್ಸ್ ಪ್ಯಾಂಟ್ ಹಾಕಿಸಿ ಕರೆತರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಳಗೆ ಥರ್ಮಲ್, ಮೇಲೊಂದು ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ನೀರು ಒಳಗಿಳಿಯದ ಕೋಟು ಮತ್ತು ಪ್ಯಾಂಟು. ಕೈಗವಸು ಪ್ರತಿ ಮಗುವಿಗೂ ಎರಡು ಜೊತೆ, ಏಕೆಂದರೆ ಮೊದಲ ದಿನದ ಬೀಳಾಟದಲ್ಲಿ ಒಂದು ಜೊತೆ ಮಧ್ಯಾಹ್ನದೊಳಗೆ ನೆನೆದಿರುತ್ತದೆ. ಒದ್ದೆ ಕಾಲುಚೀಲವನ್ನು ಕೋಣೆ ಸೇರಿದ ಕೂಡಲೇ ಬಿಚ್ಚಿಸಿ, ಬೆರಳುಗಳ ನಡುವೆ ಒರೆಸಿ, ಚಳಿಗೆ ಚರ್ಮದ ಬಣ್ಣ ಬದಲಾಗಿದೆಯೇ ನೋಡಿ.

ಹಗ್ಗ ಕಟ್ಟಿ ಗುರುತಿಸಿದ ಇಳಿಜಾರಿನಿಂದ ಆಚೆಗೆ ಯಾರೇ ಕರೆದರೂ ಹೋಗಬೇಡಿ. ಗುಲ್‌ಮಾರ್ಗ್‌ನ ಮೇಲ್ಭಾಗದಲ್ಲಿ 2023ರ ಮತ್ತು 2024ರ ಫೆಬ್ರವರಿಗಳಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರು ವಿದೇಶಿ ಸ್ಕೀಯರ್‌ಗಳು.

ಮೂಡಿಗೆರೆ ಬೆಳೆಗಾರ

ಜನವರಿಯ ವಿಚಾರದಲ್ಲಿ ಶಿಕ್ಷಕಿಯವರ ಮಾತು ಸರಿ, ತೋಟದ ಕೆಲಸದ ಕಟ್ಟು ಇಲ್ಲದವರಿಗೆ ಆ ವಾರವೇ ಉತ್ತಮ.

ಔಲಿ ತುಂಬ ಚೆಲುವಾದ ಜಾಗ, ನಂದಾದೇವಿ ಎದುರಿಗೇ ನಿಂತಿರುತ್ತದೆ. ಗಢವಾಲ್ ಮಂಡಲ ವಿಕಾಸ ನಿಗಮ ಅಲ್ಲಿ ಏಳು ಮತ್ತು ಹದಿನಾಲ್ಕು ದಿನಗಳ ತರಬೇತಿ ನಡೆಸುತ್ತದೆ. ಆದರೆ ಋಷಿಕೇಶದಿಂದ ಔಲಿಯ ಬುಡದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಬೆಟ್ಟದ ರಸ್ತೆ, ಒಂದು ಪೂರ್ತಿ ಹಗಲು ಬೇಕು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಔಲಿಗೆ ಏರುವ ರೋಪ್‌ವೇಯನ್ನು ನಿಲ್ಲಿಸಿದರು. ಹಿರಿಯರನ್ನು ಕರೆದುಕೊಂಡು, ಒಂದೇ ವಾರದ ಅವಧಿಯಲ್ಲಿ, ಹೋಗಿಬರುವುದಕ್ಕೇ ನಾಲ್ಕು ದಿನ ಕೊಡುವುದು ನಿಮಗೆ ಹೊಂದುವುದಿಲ್ಲ. ಮನಾಲಿಯ ಸೋಲಂಗ್ ಇಳಿಜಾರು ಜನವರಿ, ಫೆಬ್ರವರಿಯಲ್ಲಿ ಚೆನ್ನಾಗಿರುತ್ತದೆ, ಆದರೆ ವಾರಾಂತ್ಯದಲ್ಲಿ ದೆಹಲಿ, ಚಂಡೀಗಢದ ಕಾರುಗಳೆಲ್ಲ ಅಲ್ಲಿಗೇ ಬರುತ್ತವೆ. ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಆ ದಾರಿಯ ಒತ್ತಡ ಮತ್ತೂ ಹೆಚ್ಚಿತು. 2024ರ ಡಿಸೆಂಬರ್ ಕೊನೆಯಲ್ಲಿ ಹಿಮ ಬಿದ್ದು ಸೋಲಂಗ್ ಬಳಿ ಸುಮಾರು ಸಾವಿರ ವಾಹನಗಳು ಸಿಕ್ಕಿಹಾಕಿಕೊಂಡದ್ದನ್ನು ನೀವು ಓದಿರಬಹುದು.

ಹಾಗಾಗಿ ಗುಲ್‌ಮಾರ್ಗ್, ಆದರೆ ಗುಲ್‌ಮಾರ್ಗ್‌ನಲ್ಲೇ ವಾಸ. ಶ್ರೀನಗರದಲ್ಲಿ ಕೋಣೆ ಹಿಡಿದು ದಿನಾ ಹೋಗಿಬರುವುದು ಅಗ್ಗವೆಂದು ಕಾಣುತ್ತದೆ, ಮಕ್ಕಳ ಬೆಳಗಿನ ಹೊತ್ತೆಲ್ಲ ರಸ್ತೆಯಲ್ಲೇ ಕಳೆದುಹೋಗುತ್ತದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲಿಯೇ ಇದೆ. ಅವರ ತರಬೇತಿಯ ದಿನಗಳು ನಿಮ್ಮ ವಾರಕ್ಕೆ ಹೊಂದುವುದೇ, ಕಿರಿಯ ಮಗನ ವಯಸ್ಸಿಗೆ ಪ್ರವೇಶವಿದೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಪರವಾನಗಿಯುಳ್ಳ ತರಬೇತುದಾರರೊಬ್ಬರನ್ನು ಎಲ್ಲ ದಿನಗಳಿಗೂ ಸೇರಿಸಿ ಗೊತ್ತುಮಾಡಿಕೊಳ್ಳಿ. ದಿನಕ್ಕೊಬ್ಬರು ಬದಲಾದರೆ ಮಗು ದಿನವೂ ಮೊದಲ ಪಾಠದಿಂದಲೇ ಶುರುಮಾಡಬೇಕಾಗುತ್ತದೆ. ದರ, ಗಂಟೆ, ಸಲಕರಣೆ ಸೇರಿದೆಯೋ ಇಲ್ಲವೋ ಎಲ್ಲವನ್ನೂ ಹಿಂದಿನ ಸಂಜೆಯೇ ಬರೆಸಿಕೊಳ್ಳಿ. ವಾಹನ ನಿಂತ ಕೂಡಲೇ ಸುತ್ತುವರಿಯುವ ಜಾರುಬಂಡಿಯವರು, ಕುದುರೆಯವರು ಹೊಟ್ಟೆಪಾಡಿಗೆ ಕೇಳುವವರು. ಬೇಡವಾದರೆ ಮರ್ಯಾದೆಯಿಂದ ಒಮ್ಮೆ ಬೇಡವೆಂದರೆ ಸಾಕು. ಅತ್ತೆಯವರನ್ನು ಒಂದು ಸಂಜೆ ಜಾರುಬಂಡಿಯಲ್ಲಿ ಕೂರಿಸಿಕೊಂಡು ಹೋಗಿ, ಅವರಿಗೆ ಬಹಳ ಸಂತೋಷವಾಗುತ್ತದೆ. ಗೊಂಡೋಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ ಸಿಗುವುದು, ಗುರುತಿನ ಚೀಟಿಯ ಹೆಸರಿನಲ್ಲೇ ಮಾಡಿಸಿ. ಮೊದಲ ಹಂತವಾದ ಕೊಂಗ್ಡೂರಿಯವರೆಗೆ ಹೋಗಿಬಂದರೆ ನಿಮ್ಮ ಕುಟುಂಬಕ್ಕೆ ಸಾಕು.

ಈಗ ಬೂಟು. ಈ ಪ್ರವಾಸದ ಅರ್ಧ ಯಶಸ್ಸು ಬೂಟಿನಲ್ಲಿದೆಯೆಂದರೆ ಅತಿಶಯವಲ್ಲ. ಬಾಡಿಗೆ ಅಂಗಡಿಯಲ್ಲಿ ನೂಕುನುಗ್ಗಲಿದ್ದಾಗ ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸುತ್ತಾರೆ, ಆದ್ದರಿಂದ ತಲುಪಿದ ದಿನ ಸಂಜೆಯೇ ಹೋಗಿ. ಮಗುವನ್ನು ಬೆಂಚಿನ ಮೇಲೆ ಕೂರಿಸಿ, ಒಂದೇ ಜೊತೆ ಉದ್ದನೆಯ ಕಾಲುಚೀಲ ಹಾಕಿಸಿ, ಅದರ ಸುಕ್ಕನ್ನೆಲ್ಲ ಕೈಯಿಂದ ಎಳೆದು ಸರಿಮಾಡಿ. ಚಳಿಯೆಂದು ಎರಡು ಜೊತೆ ಹಾಕಿಸಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಪ್ಯಾಂಟಿನ ಅಂಚು ಬೂಟಿನ ಒಳಗೆ ಸಿಕ್ಕಿಕೊಳ್ಳಬಾರದು. ಕಾಲು ತೂರಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಬಾರಿ ಕುಟ್ಟಿಸಿ, ಆಮೇಲೆ ಕೊಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿ. ಎದ್ದು ನಿಂತಾಗ ಹೆಬ್ಬೆರಳು ಮುಂಭಾಗಕ್ಕೆ ಸೋಕಬೇಕು, ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಹಿಂದೆ ಸರಿಯಬೇಕು. ಬಾಗಿದಾಗ ಹಿಮ್ಮಡಿ ಮೇಲೇಳುತ್ತಿದ್ದರೆ ಆ ಬೂಟು ದೊಡ್ಡದು, ಬದಲಾಯಿಸಿ. ಅಂಗಡಿಯವರು ಅವಸರ ಮಾಡಿದರೂ ಮಗುವನ್ನು ಅಲ್ಲಿಯೇ ಸ್ವಲ್ಪ ಹೊತ್ತು ಓಡಾಡಿಸಿ. ಸ್ಕೀಯ ಉದ್ದ ಕಲಿಯುವ ಮಕ್ಕಳಿಗೆ ಎದೆಯಿಂದ ಗಲ್ಲದವರೆಗೆ ಬಂದರೆ ಸಾಕು. ಮಗುವಿನ ತೂಕ ಹೇಳಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ಅದಕ್ಕೆ ತಕ್ಕಂತೆ ಸಡಿಲಗೊಳಿಸಿ ಕೊಡುವಂತೆ ಕೇಳಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳದಿದ್ದರೆ ಮೊಣಕಾಲು ತಿರುಚುತ್ತದೆ.

ಮೊದಲ ದಿನ ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿ ನಿಲ್ಲುವುದನ್ನೇ ಕಲಿಸುತ್ತಾರೆ. ಮಕ್ಕಳು ಬೇಸರಪಡುತ್ತಾರೆ. ಮೂರನೆಯ ದಿನದ ಹೊತ್ತಿಗೆ ಅದೇ ಮಕ್ಕಳು ಕತ್ತಲಾದರೂ ಒಳಗೆ ಬರುವುದಿಲ್ಲ. ಅಷ್ಟು ದಿನ ಒಂದೇ ಊರಿನಲ್ಲಿ ಇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆಲೂರಿನ ಬ್ಯಾಂಕ್ ನೌಕರ

ನಮ್ಮ ಮನೆಯಲ್ಲಿ ಇಬ್ಬರೂ ಉದ್ಯೋಗಿಗಳು, ಮಗಳ ಶಾಲೆಯಲ್ಲಿ ಹಾಜರಾತಿಯ ಬಗ್ಗೆ ತುಂಬ ಕಟ್ಟುನಿಟ್ಟು. ಕ್ರಿಸ್‌ಮಸ್ ವಾರ ಬಿಟ್ಟರೆ ಬೇರೆ ದಾರಿಯೇ ಇಲ್ಲದ ನಮ್ಮಂಥವರು ಏನು ಮಾಡಬೇಕು?

ಚನ್ನರಾಯಪಟ್ಟಣದ ಎಂಜಿನಿಯರ್

ಅಂಥವರು ಕಜಕಸ್ತಾನದ ಅಲ್ಮಾಟಿಯ ಬಗ್ಗೆಯೂ ಯೋಚಿಸಬಹುದು. ಭಾರತೀಯರಿಗೆ 14 ದಿನಗಳವರೆಗೆ ವೀಸಾ ಬೇಡ, ದೆಹಲಿಯಿಂದ ನೇರ ವಿಮಾನವಿದೆ. ನಗರದ ಮೇಲಿರುವ ಶಿಂಬುಲಾಕ್ ಸುಮಾರು 2,260 ಮೀಟರ್‌ನಿಂದ ಆರಂಭವಾಗುವ ಸುಸಜ್ಜಿತ ಸ್ಕೀ ತಾಣ. ಕೆಳಗಿನ ಮೆಡೆಯೂ ಎಂಬಲ್ಲಿಂದ ಕೇಬಲ್ ಕಾರಿನಲ್ಲಿ ಏರಿ ಹೋಗಬಹುದು. ಡಿಸೆಂಬರ್‌ನಲ್ಲಿ ವಾಸ್ತವ್ಯವನ್ನು 30ರೊಳಗೆ ಮುಗಿಸಿಕೊಳ್ಳಿ, ಏಕೆಂದರೆ ಜನವರಿ 1, 2 ಮತ್ತು 7 ಅಲ್ಲಿಯೂ ಸಾರ್ವಜನಿಕ ರಜೆಗಳು. ಆಗ ಊರಿನವರೇ ಬೆಟ್ಟ ತುಂಬುತ್ತಾರೆ. ಖರ್ಚು ಹೆಚ್ಚಾಗುತ್ತದೆ, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಹೊಸವರ್ಷದ ದರದ ಗುಲ್‌ಮಾರ್ಗ್ ಜೊತೆ ಹೋಲಿಸಿ ಲೆಕ್ಕ ಹಾಕಿ ನೋಡಿ.

ಹಿಮಾಲಯವೇ ಬೇಕೆಂದರೆ ಶಾಲೆ ಮುಚ್ಚಿದ ದಿನವೇ ಹೊರಟು, ಹೊಸವರ್ಷದ ಸಂಜೆಗೆ ಮೊದಲೇ ಇಳಿದುಬಿಡಿ. ಹಿಮ ಸಾಲದಿದ್ದರೆ ಶ್ರೀನಗರ, ಪಹಲ್‌ಗಾಮ್ ನೋಡಿ ಬರುವೆವೆಂದು ಮಗಳಿಗೆ ಮೊದಲೇ ಹೇಳಿಡಿ. ದಸರಾ ರಜೆಯಲ್ಲಿ ಸ್ಕೀ ಮೇಲೆ ನಿಲ್ಲುವ ಅಭ್ಯಾಸವಷ್ಟೇ ಸಾಕೆನ್ನುವವರಿಗೆ ದುಬೈನ ಒಳಾಂಗಣ ತಾಣವೂ ಇದೆ. 2005ರಲ್ಲಿ ತೆರೆದ ಅಲ್ಲಿನ ಅತಿ ಉದ್ದದ ಹಾದಿ ಸುಮಾರು 400 ಮೀಟರ್. ಬೆಟ್ಟದ ಅನುಭವ ಅಲ್ಲಿ ಸಿಗುವುದಿಲ್ಲ, ಆರಂಭದ ಪಾಠಗಳು ಮಾತ್ರ ಚೆನ್ನಾಗಿ ಆಗುತ್ತವೆ.

ಹಾಸನದ ತಾಯಿ

ಮುಖ್ಯೋಪಾಧ್ಯಾಯರನ್ನು ಕಂಡು ಬಂದೆವು. ಮಗಳು ಬಂದ ಮೇಲೆ ಹಿಮಾಲಯದ ಚಳಿಗಾಲದ ಬಗ್ಗೆ ತರಗತಿಯಲ್ಲಿ ಮಾತಾಡಬೇಕೆಂಬ ಷರತ್ತಿನ ಮೇಲೆ ಇಬ್ಬರಿಗೂ ರಜೆ ಕೊಡಲು ಒಪ್ಪಿದ್ದಾರೆ. ಮಾವನವರು ಕೊಯ್ಲಿಗಾಗಿ ತೋಟದಲ್ಲಿ ಉಳಿಯುತ್ತಾರೆ, ಅತ್ತೆಯವರು ವೈದ್ಯರ ಒಪ್ಪಿಗೆ ಪಡೆದು ನಮ್ಮೊಂದಿಗೆ ಬರುತ್ತಾರೆ. ಸಂಕ್ರಾಂತಿಯ ಎಳ್ಳು ಬೀರಿದ ಮಾರನೆಯ ದಿನ ಹೊರಟು, ಮೊದಲ ರಾತ್ರಿ ಶ್ರೀನಗರದಲ್ಲಿ ಕಳೆದು, ಉಳಿದ ರಾತ್ರಿಗಳೆಲ್ಲ ಗುಲ್‌ಮಾರ್ಗ್‌ನಲ್ಲಿದ್ದು, 24ರ ಮೊದಲೇ ಹಿಂದಿರುಗುವುದೆಂದು ನಿಶ್ಚಯಿಸಿದ್ದೇವೆ. ತರಬೇತುದಾರರು ಖಚಿತವಾದ ಮೇಲೆಯೇ ವಿಮಾನದ ಟಿಕೆಟ್ ಮಾಡಿಸುತ್ತೇವೆ. ಇನ್ನು ಉಳಿದಿರುವುದು ಮಕ್ಕಳ ಬಟ್ಟೆ. ಒಂದು ವಾರದ ಬಳಕೆಗೆ, ಮುಂದಿನ ವರ್ಷ ಅಳತೆಗೇ ಬಾರದ ಕೋಟುಗಳನ್ನು ಹೊಸದಾಗಿ ಕೊಳ್ಳಬೇಕೇ ಎಂದು ಯೋಚಿಸುತ್ತಿದ್ದೇವೆ.

ಮೂಡಿಗೆರೆ ಬೆಳೆಗಾರ

ಕೊಳ್ಳಬೇಡಿ ಮೇಡಂ. ನಮ್ಮ ಮಕ್ಕಳಿಗೆ ಚಿಕ್ಕದಾದ ಕೋಟು, ಪ್ಯಾಂಟು, ಒಂದು ಹೆಲ್ಮೆಟ್ ಮನೆಯಲ್ಲಿಯೇ ಇವೆ. ಥರ್ಮಲ್, ಕಾಲುಚೀಲ, ಕೈಗವಸು ಮಾತ್ರ ನೀವೇ ಹೊಸದಾಗಿ ತೆಗೆದುಕೊಳ್ಳಿ. ಮಕ್ಕಳ ಎತ್ತರ ಮತ್ತು ತಲೆಯ ಸುತ್ತಳತೆ ತಿಳಿಸಿದರೆ, ಹಾಸನಕ್ಕೆ ಬರುವಾಗ ತಂದುಕೊಡುತ್ತೇನೆ.